ವ್ಯಾಗ್‌ಸ್ಟಾಫ್‌ನ ಆಟದ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಳೇ ಆಟಗಾರರ ಬಗ್ಗೆ ಬರೆಯುವಾಗ ಕ್ರೀಡಾ ಪುಟಗಳಿಗೆ ಒಂದು ಅಭ್ಯಾಸ ಬಿದ್ದುಹೋಗಿದೆ. ಒಬ್ಬನ ಹದಿನೆಂಟು ಇಪ್ಪತ್ತು ವರ್ಷದ ಆಟವನ್ನೆಲ್ಲ ಬದಿಗಿಟ್ಟು, ಅವನು ಪೆಟ್ಟು ತಿಂದು ಆಡಿದ ಒಂದೇ ಒಂದು ದಿನವನ್ನು ಹಿಡಿದುಕೊಂಡು ಬಿಡುತ್ತೇವೆ. ಇಂಗ್ಲೆಂಡಿನ ರಗ್ಬಿ ಲೀಗ್ ಆಟಗಾರ ಹೆರಾಲ್ಡ್ ವ್ಯಾಗ್‌ಸ್ಟಾಫ್‌ಗೆ ಆಗಿರುವುದೂ ಇದೇ. ಅವನ ಹೆಸರು ಬಂದರೆ 1914ರ ಸಿಡ್ನಿ ಟೆಸ್ಟ್ ಬರುತ್ತದೆ, ಹತ್ತು ಜನ ಹದಿಮೂರು ಜನರನ್ನು ಸೋಲಿಸಿದ ಕತೆ ಬರುತ್ತದೆ, ಅಲ್ಲಿಗೆ ಲೇಖನ ಮುಗಿಯುತ್ತದೆ. ಆ ಪಂದ್ಯ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಹಾಗೆ ಯಾಕಾಯಿತು, ಆಟಗಾರರನ್ನು ಆ ಸ್ಥಿತಿಗೆ ತಂದವರು ಯಾರು, ವ್ಯಾಗ್‌ಸ್ಟಾಫ್ ನಿಜಕ್ಕೂ ಎಂಥ ಆಟಗಾರ ಅಂತ ಬರೆಯುವವರು ಕಡಿಮೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ರಗ್ಬಿ ಲೀಗ್ ಗೊತ್ತಿಲ್ಲದ ಓದುಗರೂ ಇರುತ್ತಾರೆ, ಅವರಿಗಾಗಿ ಎರಡು ಮಾತು. ಇದು ಸಾಮಾನ್ಯ ರಗ್ಬಿಯಿಂದ ಒಡೆದು ಬಂದ ಆಟ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ರಗ್ಬಿ ಆಡುತ್ತಿದ್ದವರಲ್ಲಿ ಗಣಿ ಕಾರ್ಮಿಕರು, ಗಿರಣಿ ಕೆಲಸಗಾರರು ಜಾಸ್ತಿ. ಶನಿವಾರ ಪಂದ್ಯಕ್ಕೆ ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿಯನ್ನಾದರೂ ತುಂಬಿಕೊಡಿ ಅಂತ ಉತ್ತರದ ಕ್ಲಬ್‌ಗಳು ಕೇಳಿದವು. ಆಟಕ್ಕೆ ದುಡ್ಡು ಮುಟ್ಟಬಾರದು ಅನ್ನುವ ಉಳ್ಳವರು 1893ರಲ್ಲಿ ಅದನ್ನು ಮತ ಹಾಕಿ ತಳ್ಳಿಹಾಕಿದರು. ಹೊಟ್ಟೆ ತುಂಬಿದವರಿಗೆ ಅದು ಸುಲಭ, ಅಲ್ವಾ? 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ನಾರ್ದರ್ನ್ ಯೂನಿಯನ್ ಅಂತ ತಮ್ಮದೇ ಸಂಸ್ಥೆ ಕಟ್ಟಿಕೊಂಡವು. ಕೆಲಸ ತಪ್ಪಿದ ದಿನಕ್ಕೆ 6 ಶಿಲಿಂಗ್‌ವರೆಗೆ ಕೊಡಬಹುದು ಅಂತಾಯಿತು. ಆಮೇಲೆ ಆಟವನ್ನೂ ಬದಲಿಸುತ್ತಾ ಹೋದರು. ಚೆಂಡು ಹೊರಗೆ ಹೋದಾಗ ಎರಡು ಸಾಲಾಗಿ ನಿಂತು ಹಾರುವ ಪದ್ಧತಿ ತೆಗೆದರು. 1906ರಲ್ಲಿ ಹದಿನೈದು ಜನರ ತಂಡವನ್ನು ಹದಿಮೂರಕ್ಕೆ ಇಳಿಸಿದರು. ಟ್ಯಾಕಲ್ ಆದವನು, ಅಂದರೆ ಎದುರಾಳಿ ಹಿಡಿದು ಕೆಡವಿದವನು, ಎದ್ದು ನಿಂತು ಚೆಂಡನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುವ ನಿಯಮವೂ ಅದೇ ವರ್ಷ ಬಂತು. ಇದರಿಂದ ಮೈದಾನದಲ್ಲಿ ಜಾಗ ಸಿಕ್ಕಿತು. ಓಡುವವರಿಗೆ, ಪಾಸ್ ಕೊಡುವವರಿಗೆ ಕಾಲ ಬಂತು.

ಅದೇ 1906ರ ನವೆಂಬರ್‌ನಲ್ಲಿ, ಹದಿಮೂರು ಜನರ ಆಟ ಶುರುವಾದ ಮೊದಲ ಋತುವಿನಲ್ಲೇ, ವ್ಯಾಗ್‌ಸ್ಟಾಫ್ ಹಡರ್ಸ್‌ಫೀಲ್ಡ್ ಪರವಾಗಿ ಬ್ರಾಮ್ಲಿ ವಿರುದ್ಧ ಮೊದಲ ಪಂದ್ಯ ಆಡಿದ. ಆಗ ಅವನಿಗೆ 15 ವರ್ಷ 175 ದಿನ. 1891ರ ಮೇ 19ರಂದು ಹಡರ್ಸ್‌ಫೀಲ್ಡ್‌ಗೆ ಹತ್ತಿರದ ಹೋಮ್‌ಫರ್ತ್‌ನ ಅಂಡರ್‌ಬ್ಯಾಂಕ್‌ನಲ್ಲಿ ಹುಟ್ಟಿದವನು. ಅಲ್ಲಿಯ ಅಂಡರ್‌ಬ್ಯಾಂಕ್ ರೇಂಜರ್ಸ್ ತಂಡದಲ್ಲಿ ಆಡುತ್ತಿದ್ದ ಹುಡುಗನಿಗೆ ಐದು ಚಿನ್ನದ ಸವರನ್ ನಾಣ್ಯ ಕೊಟ್ಟು ಕ್ಲಬ್ ಸೇರಿಸಿಕೊಂಡರು. ಇಂದಿನ ಮಕ್ಕಳು ಶಾಲಾ ತಂಡದಲ್ಲಿ ಆಡುವ ವಯಸ್ಸಿಗೆ ಈತ ಗಣಿಯಲ್ಲಿ ದುಡಿದು ಗಟ್ಟಿಯಾದ ದೊಡ್ಡವರ ಎದುರು ನಿಂತ. ನನಗೆ ಇದರಲ್ಲಿ ವಯಸ್ಸಿನ ದಾಖಲೆಗಿಂತ ದೊಡ್ಡದಾಗಿ ಕಾಣುವುದು ಬೇರೆ. ಹಿರಿಯ ಆಟಗಾರರೆಲ್ಲ ಹದಿನೈದು ಜನರ ಆಟದ ರೂಢಿಯನ್ನು ಮರೆಯಲು ಒದ್ದಾಡುತ್ತಿದ್ದಾಗ, ಈ ಹುಡುಗನಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಹೊಸ ಆಟವೇ ಅವನ ಆಟ. ಮುಂದೆ ಅವನು ಮಾಡಿದ್ದಕ್ಕೆಲ್ಲ ಬೇರು ಇಲ್ಲಿದೆ ಅಂತ ನಾನು ನಂಬಿದ್ದೇನೆ.

ಹದಿನೇಳಕ್ಕೆ ಯಾರ್ಕ್‌ಶೈರ್ ತಂಡ. ಅದೇ ಹದಿನೇಳರಲ್ಲೇ ಇಂಗ್ಲೆಂಡ್ ತಂಡ, ಅದೂ 1908–09ರಲ್ಲಿ ಮೊಟ್ಟಮೊದಲ ಬಾರಿಗೆ ಪ್ರವಾಸ ಬಂದಿದ್ದ ಆಸ್ಟ್ರೇಲಿಯಾದ ಎದುರು. ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ ಹಡರ್ಸ್‌ಫೀಲ್ಡ್ ನಾಯಕತ್ವ. ತನಗಿಂತ ಎಷ್ಟೋ ದೊಡ್ಡವರಿಗೆ ಆತ ನಾಯಕನಾಗಿದ್ದ, ಅವರೂ ಅವನ ಮಾತು ಕೇಳಿದರು. ಆ ತಂಡಕ್ಕೆ 'ಸಕಲ ಪ್ರತಿಭೆಗಳ ತಂಡ' ಅಂತ ಹೆಸರು ಬಿದ್ದದ್ದು ಸುಮ್ನೆ ಅಲ್ಲ. ಬಲಗಡೆ ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ ಓಡುವ ಜಾಗದಲ್ಲಿ, ಸಿಡ್ನಿಯಿಂದ ಬಂದ ಕುಳ್ಳ ಆಲ್ಬರ್ಟ್ ರೋಸನ್‌ಫೆಲ್ಡ್. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ. ಈತ 1911–12ರಲ್ಲಿ 78 ಟ್ರೈ, 1913–14ರಲ್ಲಿ 80 ಟ್ರೈ ಹೊಡೆದ. ಒಂದೇ ಋತುವಿನ ಈ 80ರ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಎಡಗಡೆ ವ್ಯಾಗ್‌ಸ್ಟಾಫ್ ಪಕ್ಕದಲ್ಲಿ ಓಡುತ್ತಿದ್ದವನು ಸ್ಟಾನ್ಲಿ ಮೂರ್‌ಹೌಸ್. ಮುಂದೆ ನಿಂತು ಬಲದಿಂದ ಗುದ್ದಾಡುವ ಫಾರ್ವರ್ಡ್‌ಗಳಲ್ಲಿ ಕಂಬರ್‌ಲ್ಯಾಂಡಿನ ಡಗ್ಲಸ್ ಕ್ಲಾರ್ಕ್, ಅವನು ಕುಸ್ತಿಯಲ್ಲೂ ಹೆಸರು ಮಾಡಿದ ಬಲಶಾಲಿ. ಕಂಬಗಳ ನಡುವೆ ಚೆಂಡನ್ನು ಒದ್ದು ಗೋಲು ಹೊಡೆಯಲು ವೇಲ್ಸ್‌ನ ಬೆನ್ ಗ್ರೋನೊ. ಈತ ರಗ್ಬಿ ಯೂನಿಯನ್‌ನಿಂದ, ಅಂದರೆ ಹದಿನೈದು ಜನರ ಹಳೇ ರಗ್ಬಿಯಿಂದ, ಬಂದವನು, 1910ರಲ್ಲಿ ಟ್ವಿಕನ್‌ಹ್ಯಾಮ್ ಮೈದಾನದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಚೆಂಡಿಗೆ ಮೊದಲ ಒದೆ ಕೊಟ್ಟವನು ಇವನೇ.

ಇಷ್ಟು ಜನ ಇದ್ದ ಮೇಲೆ ಯಾರು ನಾಯಕನಾದರೂ ಗೆಲ್ಲಬಹುದಿತ್ತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವ್ಯಾಗ್‌ಸ್ಟಾಫ್ ಆಡಿದ ಜಾಗ ಸೆಂಟರ್, ಅಂದರೆ ವಿಂಗ್‌ನವನ ಒಳಮಗ್ಗುಲು. ತಾನು ಟ್ರೈ ಹೊಡೆಯುವುದಕ್ಕಿಂತ ಪಕ್ಕದವನಿಗೆ ದಾರಿ ಮಾಡಿಕೊಡುವುದು ಅಲ್ಲಿಯ ಮುಖ್ಯ ಕೆಲಸ, ಮತ್ತು ಆ ಕೆಲಸವನ್ನು ಅವನಷ್ಟು ತಲೆ ಓಡಿಸಿ ಮಾಡಿದವರು ಆ ಕಾಲದಲ್ಲಿ ಇರಲಿಲ್ಲ ಅಂತಲೇ ಜನ ಅವನನ್ನು 'ಸೆಂಟರ್‌ಗಳ ರಾಜಕುಮಾರ' ಅಂತ ಕರೆದರು. ಅವನದೊಂದು ವಿಶೇಷ ಪಾಸ್ ಇತ್ತು. ಚೆಂಡು ಹಿಡಿದು ಓಡಿ ಬರುತ್ತಿದ್ದವನು ಗಕ್ಕನೆ ನಿಂತುಬಿಡುತ್ತಿದ್ದ. ಎದುರಾಳಿಗಳು ಸಿಕ್ಕ ಅಂತ ಅವನ ಮೇಲೆ ನುಗ್ಗುತ್ತಿದ್ದರು. ಅವರು ಮೈಮೇಲೆ ಬೀಳುವ ಹೊತ್ತಿಗೆ ಚೆಂಡು ಪಕ್ಕದವನ ಕೈಯಲ್ಲಿ, ಮುಂದೆ ದಾರಿ ಖಾಲಿ! ಓಡುತ್ತಾ ಪಾಸ್ ಕೊಡುವುದು ಎಲ್ಲರಿಗೂ ಗೊತ್ತು. ನಿಂತು ಪಾಸ್ ಕೊಡಲು ಧೈರ್ಯ ಬೇಕು, ಯಾಕೆಂದರೆ ನಿಂತವನಿಗೆ ಪೆಟ್ಟು ತಪ್ಪುವುದಿಲ್ಲ. ಆ ಪೆಟ್ಟನ್ನು ತಾನು ತಿಂದು ಜಾಗವನ್ನು ಇನ್ನೊಬ್ಬನಿಗೆ ಕೊಡುತ್ತಿದ್ದ. ಅವನ ಧೈರ್ಯ ನೋಡಬೇಕಾದರೆ ಇಲ್ಲಿ ನೋಡಬೇಕು, ಅದು ಪ್ರತಿ ಶನಿವಾರ ಇತ್ತು.

ಇನ್ನೊಂದು ತಂತ್ರದ ಬಗ್ಗೆ ಎದುರಾಳಿಗಳು ಗೊಣಗುತ್ತಿದ್ದರು. ಪಾಸ್ ಕೊಟ್ಟ ಹಡರ್ಸ್‌ಫೀಲ್ಡ್ ಆಟಗಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತಿರಲಿಲ್ಲ, ಚೆಂಡು ಪಡೆದವನಿಗೂ ಟ್ಯಾಕಲ್ ಮಾಡಲು ಬರುವವನಿಗೂ ನಡುವೆ ಸಹಜವಾಗಿ ಎಂಬಂತೆ ಬಂದುಬಿಡುತ್ತಿದ್ದ. ತಡೆದ ಅಂತ ಹೇಳುವ ಹಾಗಿಲ್ಲ, ತಡೆಯಲಿಲ್ಲ ಅಂತಲೂ ಹೇಳುವ ಹಾಗಿಲ್ಲ. 'ವೈಜ್ಞಾನಿಕ ಅಡ್ಡಿ' ಅಂತ ಅದಕ್ಕೆ ಹೆಸರೇ ಇಟ್ಟರು. ನಿಯಮದ ಅಂಚಿನಲ್ಲಿ ನಡೆಯುವ ಆಟ ಅದು, ಇದನ್ನು ಮುಚ್ಚಿಟ್ಟು ಅವನನ್ನು ದೇವರು ಮಾಡುವುದು ನನಗೆ ಬೇಕಿಲ್ಲ. ಆದರೆ ಇಂಥದ್ದು ಆಗಬೇಕಾದರೆ ಹದಿಮೂರೂ ಜನ ಒಂದೇ ಲೆಕ್ಕದಲ್ಲಿ ಯೋಚಿಸಬೇಕು. ಆಗ ಟ್ಯಾಕಲ್‌ಗಳಿಗೆ ಮಿತಿ ಇರಲಿಲ್ಲ ಅನ್ನುವುದೂ ನೆನಪಿರಲಿ. ನಾಲ್ಕು ಟ್ಯಾಕಲ್ ಆದ ಮೇಲೆ ಆಟ ನಿಲ್ಲಿಸಿ ಸ್ಕ್ರಮ್ (ಎರಡೂ ಕಡೆಯ ಫಾರ್ವರ್ಡ್‌ಗಳು ತಲೆ ತಗ್ಗಿಸಿ ಚೆಂಡಿಗಾಗಿ ಒತ್ತಾಡುವುದು) ಮಾಡಬೇಕು ಅಂತ ಬಂದದ್ದು 1966ರಲ್ಲಿ. ಅಲ್ಲಿಯವರೆಗೆ ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಒತ್ತಿಹಿಡಿದು ಬೋರು ಹೊಡೆಸಬಹುದಿತ್ತು. ವ್ಯಾಗ್‌ಸ್ಟಾಫ್‌ನ ಹುಡುಗರು ಹಾಗೆ ಮಾಡಲಿಲ್ಲ, ಚೆಂಡನ್ನು ಕೈಯಿಂದ ಕೈಗೆ ದಾಟಿಸಿಕೊಂಡೇ ಮೈದಾನದ ಆ ತುದಿ ತಲುಪಿದರು.

ಫಲ ನೋಡಿ. 1912, 1913ರಲ್ಲಿ ಚಾಂಪಿಯನ್‌ಶಿಪ್. 1913ರಲ್ಲಿ ಚಾಲೆಂಜ್ ಕಪ್ ಕೂಡ. 1914–15ರಲ್ಲಿ ಒಂದು ಕ್ಲಬ್ ಗೆಲ್ಲಬಹುದಾದ ನಾಲ್ಕೂ ಕಪ್. ಯಾರ್ಕ್‌ಶೈರ್ ಕಪ್ ಫೈನಲ್‌ನಲ್ಲಿ ಹಲ್ ವಿರುದ್ಧ 31–0, ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಲೀಡ್ಸ್ ವಿರುದ್ಧ 35–2, ಚಾಲೆಂಜ್ ಕಪ್ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸ್ ವಿರುದ್ಧ 37–3. ಟ್ರೈಗೆ ಬರೀ ಮೂರು ಅಂಕ ಇದ್ದ ಕಾಲ ಅದು. ಫೈನಲ್ ಅಂದರೆ ಬಿಗಿಯಾಗಿ ಆಡಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾಗ ಇವರು ಮೂರೂ ಫೈನಲ್‌ಗಳನ್ನು ಅಭ್ಯಾಸ ಪಂದ್ಯದಷ್ಟು ಸಲೀಸಾಗಿ ಗೆದ್ದರು. ನಾಲ್ಕೂ ಕಪ್ ಒಟ್ಟಿಗೆ ಗೆದ್ದ ಕ್ಲಬ್‌ಗಳು ಇತಿಹಾಸದಲ್ಲಿ ಮೂರೇ ಮೂರು. 1907–08ರಲ್ಲಿ ಹನ್ಸ್‌ಲೆಟ್, ಆಮೇಲೆ ಹಡರ್ಸ್‌ಫೀಲ್ಡ್, 1927–28ರಲ್ಲಿ ಸ್ವಿಂಟನ್.

ಈಗ ಆ ಸಿಡ್ನಿ ಟೆಸ್ಟ್‌ಗೆ ಬರುತ್ತೇನೆ. 1914ರಲ್ಲಿ ನಾರ್ದರ್ನ್ ಯೂನಿಯನ್ ತಂಡ, ಅಂದರೆ ಬ್ರಿಟನ್ ತಂಡ, ಆಸ್ಟ್ರೇಲಿಯಾಕ್ಕೆ ಹೋಯಿತು. 23ರ ವ್ಯಾಗ್‌ಸ್ಟಾಫ್ ನಾಯಕ. ಮೊದಲ ಟೆಸ್ಟ್ ಜೂನ್ 27ರ ಶನಿವಾರ, ಬ್ರಿಟನ್ 23–5ರಿಂದ ಗೆದ್ದಿತು. ಎರಡನೆಯದು ಒಂದೇ ದಿನ ಬಿಟ್ಟು ಸೋಮವಾರ ಜೂನ್ 29ಕ್ಕೆ, ಅದರಲ್ಲಿ ಆಸ್ಟ್ರೇಲಿಯಾ 12–7ರಿಂದ ಗೆದ್ದಿತು. ಮೂರನೆಯದು ಆಗಸ್ಟ್‌ನಲ್ಲಿ ಮೆಲ್ಬರ್ನ್‌ನಲ್ಲಿ ಆಗಬೇಕಿತ್ತು. ಸರಣಿ ಸಮವಾಗಿದೆ, ಸಿಡ್ನಿಯಲ್ಲೇ ಆಡಿಸಿದರೆ ಜನ ಸೇರುತ್ತಾರೆ ಅಂತ ಅಲ್ಲಿಯ ಅಧಿಕಾರಿಗಳು ಅದನ್ನು ಜುಲೈ 4ಕ್ಕೆ ಎಳೆದರು. ಎಂಟು ದಿನದಲ್ಲಿ ಮೂರು ಟೆಸ್ಟ್! ಆಟಗಾರರಲ್ಲಿ ಹಲವರು ಗಾಯಗೊಂಡು ಮಲಗಿದ್ದರು. ಪ್ರವಾಸದ ಮ್ಯಾನೇಜರ್‌ಗಳಾದ ಜಾನ್ ಕ್ಲಿಫರ್ಡ್ ಮತ್ತು ಜೋ ಹೌಟನ್ ಆಗುವುದಿಲ್ಲ ಅಂದರು. ಇಂಗ್ಲೆಂಡಿನಿಂದ ಆಡಲೇಬೇಕು ಅಂತ ತಂತಿ ಬಂತು. ಸಾವಿರಾರು ಮೈಲಿ ದೂರದಲ್ಲಿ ಕುರ್ಚಿಯಲ್ಲಿ ಕೂತವರಿಗೆ ಆಟಗಾರರ ಊದಿದ ಮಂಡಿ ಕಾಣುವುದಿಲ್ಲವಲ್ಲ.

ಆಡಿದರು. ಮೊದಲ ಕೆಲವೇ ನಿಮಿಷದಲ್ಲಿ ವಿಂಗ್‌ನಲ್ಲಿದ್ದ ಫ್ರಾಂಕ್ ವಿಲಿಯಮ್ಸ್‌ನ ಕಾಲು ತಿರುಚಿತು. ಡಗ್ಲಸ್ ಕ್ಲಾರ್ಕ್ ಹೆಬ್ಬೆರಳು ಮುರಿದುಕೊಂಡ, ಕಟ್ಟಿಸಿಕೊಂಡು ಬಂದ, ಆಮೇಲೆ ಕೊರಳೆಲುಬು ಮುರಿಯಿತು. ಅದಾದ ಮೇಲೂ ಒಳಗೆ ಬರಲು ನೋಡಿದ, ಆಗಲಿಲ್ಲ. ಬಿಲ್ಲಿ ಹಾಲ್‌ನ ತಲೆಗೆ ಪೆಟ್ಟು ಬಿದ್ದು ಅವನನ್ನು ಹೊತ್ತುಕೊಂಡು ಹೋದರು. ವಿಲಿಯಮ್ಸ್ ಕೂಡ ಕೊನೆಗೆ ಹೊರಗೆ. ಬದಲಿ ಆಟಗಾರರು ಅನ್ನುವುದೇ ಇರಲಿಲ್ಲ. ಎರಡನೇ ಅವಧಿಯ ದೊಡ್ಡ ಭಾಗ ಹತ್ತು ಜನ ಹದಿಮೂರು ಜನರ ಎದುರು ಆಡಿದರು. ವಿರಾಮದ ಹೊತ್ತಿಗೆ ವಿಲ್ಲಿ ಡೇವಿಸ್‌ನ ಟ್ರೈ ಮತ್ತು ಆಲ್ಫ್ ವುಡ್‌ನ ಗೋಲುಗಳಿಂದ 9–0 ಇತ್ತು. ಆಮೇಲೆ ವ್ಯಾಗ್‌ಸ್ಟಾಫ್ ಸಂದಿ ನೋಡಿ ನುಗ್ಗಿ ಚೆಂಡನ್ನು ಚಿಕ್ ಜಾನ್ಸನ್‌ಗೆ ಕೊಟ್ಟ. ಜಾನ್ಸನ್ ಮೂಲತಃ ಫಾರ್ವರ್ಡ್, ಗಾಯಾಳುಗಳ ಜಾಗ ತುಂಬಲು ವಿಂಗ್‌ಗೆ ಹೋಗಿದ್ದವನು. ಅವನು ಚೆಂಡನ್ನು ನೆಲಕ್ಕೆ ಹಾಕಿ ಫುಟ್‌ಬಾಲ್ ಆಟಗಾರನ ಹಾಗೆ ಕಾಲಲ್ಲೇ ತಳ್ಳಿಕೊಂಡು ಹೋಗಿ ಟ್ರೈ ಹೊಡೆದ. ಆಸ್ಟ್ರೇಲಿಯಾ ಎರಡು ಟ್ರೈ ವಾಪಸ್ ಹೊಡೆಯಿತು, ಅಷ್ಟೇ. 14–6. ಕೊನೆಯಲ್ಲಿ ಬಿಲ್ಲಿ ಹಾಲ್ ತಲೆ ತಿರುಗುತ್ತಿದ್ದರೂ ಮೈದಾನಕ್ಕೆ ಮರಳಿದ್ದ.

ಇಲ್ಲಿ ವ್ಯಾಗ್‌ಸ್ಟಾಫ್ ಮಾಡಿದ್ದನ್ನು ಬರೀ ಎದೆಗಾರಿಕೆ ಅಂದರೆ ಅವನಿಗೆ ಅನ್ಯಾಯ. ಮೂರು ಜನ ಕಡಿಮೆ ಇರುವಾಗ ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾವ ಕಡೆ ಜಾಗ ಬಿಟ್ಟುಕೊಡಬೇಕು, ಯಾರನ್ನು ಮುಂದೆ ತಳ್ಳಬೇಕು ಅಂತ ಅರೆಕ್ಷಣದಲ್ಲಿ ಲೆಕ್ಕ ಹಾಕಬೇಕು. ಅವನು ಅದನ್ನು ಮಾಡಿದ, ತಾನೂ ಟ್ಯಾಕಲ್ ಮೇಲೆ ಟ್ಯಾಕಲ್ ಮಾಡಿದ, ಮತ್ತು ಅಂಥ ಹೊತ್ತಿನಲ್ಲೂ ಚೆಂಡು ಸಿಕ್ಕಾಗ ದಾಳಿಗೇ ಹೋದ.

ಆದರೆ ಪತ್ರಿಕೆಗಳು ಈ ಪಂದ್ಯಕ್ಕೆ 1879ರ ಜುಲು ಯುದ್ಧದಲ್ಲಿ ಕೆಲವೇ ಬ್ರಿಟಿಷ್ ಸೈನಿಕರು ದೊಡ್ಡ ಜುಲು ಪಡೆಯನ್ನು ತಡೆದು ನಿಂತ ರೋರ್ಕ್ಸ್ ಡ್ರಿಫ್ಟ್ ಕಾಳಗದ ಹೆಸರಿಟ್ಟವು, ಹೆಸರು ಅಂಟಿಕೊಂಡಿತು. ಅಂದಿನಿಂದ ಅದು ವೀರಗಾಥೆ. ವೀರಗಾಥೆ ಆದ ಮೇಲೆ ಪ್ರಶ್ನೆ ಕೇಳುವವರು ಯಾರು? ತಲೆಗೆ ಪೆಟ್ಟು ಬಿದ್ದವನನ್ನು ಮತ್ತೆ ಆಡಿಸಿದ್ದು ಸರಿಯಾ ಅಂತ ಯಾರೂ ಕೇಳಲಿಲ್ಲ. ಗಾಯಾಳುವಿನ ಬದಲು ಇನ್ನೊಬ್ಬನನ್ನು ಇಳಿಸಬಹುದು ಅಂತ ರಗ್ಬಿ ಲೀಗ್ ಒಪ್ಪಿದ್ದು 1964ರಲ್ಲಿ, ಅದೂ ಮೊದಲಿಗೆ ವಿರಾಮದ ತನಕ ಮಾತ್ರ. ಸರಿಯಾಗಿ 50 ವರ್ಷ! ನಡುವೆ 1958ರಲ್ಲಿ ಬ್ರಿಸ್ಬೇನ್‌ನಲ್ಲಿ ಬ್ರಿಟನ್ ನಾಯಕ ಅಲನ್ ಪ್ರೆಸ್ಕಾಟ್ ಪಂದ್ಯದ ಶುರುವಿನಲ್ಲೇ ತೋಳು ಮುರಿದುಕೊಂಡು, ಅದೇ ತೋಳನ್ನು ಇಳಿಬಿಟ್ಟುಕೊಂಡು ಕೊನೆಯವರೆಗೆ ಆಡಿದ. 25–18ರಿಂದ ಗೆದ್ದರು. ಅದೂ ವೀರಗಾಥೆಯಾಯಿತು. ನೋವು ತಿಂದವರನ್ನು ಹೊಗಳುವುದರಲ್ಲಿ ನೋವು ಕೊಟ್ಟ ವ್ಯವಸ್ಥೆ ಪಾರಾಗಿಬಿಡುತ್ತದೆ. ನನ್ನ ತಕರಾರು ಇದೊಂದೇ. ಆ ಹತ್ತು ಜನರ ಮೇಲೆ ನನಗಿರುವ ಗೌರವ ಯಾರಿಗೂ ಕಡಿಮೆಯಿಲ್ಲ, ಆ ಗೌರವದಿಂದಲೇ ಸಿಟ್ಟು ಬರುತ್ತದೆ.

ಕಾಳಗದ ಹೋಲಿಕೆ ಕೊಟ್ಟ ಮರುತಿಂಗಳೇ ನಿಜವಾದ ಯುದ್ಧ ಬಂತು. ಆ 1914ರ ಪ್ರವಾಸಿ ತಂಡದಲ್ಲಿದ್ದ ಫ್ರೆಡ್ ಲಾಂಗ್‌ಸ್ಟಾಫ್, ಬಿಲ್ಲಿ ಜಾರ್ಮನ್, ವಾಲ್ಟರ್ ರೋಮನ್, ಮೂವರೂ 1916ರಲ್ಲಿ ಸತ್ತರು. ಲಾಂಗ್‌ಸ್ಟಾಫ್ ಹಡರ್ಸ್‌ಫೀಲ್ಡ್‌ನ ನಾಲ್ಕು ಕಪ್ ತಂಡದವನೂ ಹೌದು. ಕ್ಲಾರ್ಕ್ ಪಶ್ಚಿಮ ರಣರಂಗದಲ್ಲಿ ವಿಷಾನಿಲ ಕುಡಿದು ಬದುಕಿ ಬಂದ, ಮಿಲಿಟರಿ ಮೆಡಲ್ ಪಡೆದ, 1920ರಲ್ಲಿ ಮತ್ತೆ ಬ್ರಿಟನ್ ಪರ ಆಸ್ಟ್ರೇಲಿಯಾಕ್ಕೆ ಹೋದ. ವ್ಯಾಗ್‌ಸ್ಟಾಫ್, ಕ್ಲಾರ್ಕ್, ಗ್ರೋನೊ, ರೋಸನ್‌ಫೆಲ್ಡ್ ನಾಲ್ವರೂ ಸೇನೆಯ ಸಾಗಣೆ ವಿಭಾಗದಲ್ಲಿದ್ದಾಗ ಲಂಡನ್ನಿನ ಗ್ರೋವ್ ಪಾರ್ಕ್ ತಂಡಕ್ಕೆ ರಗ್ಬಿ ಯೂನಿಯನ್ ಆಡಿದರು. ದುಡ್ಡು ಮುಟ್ಟಿದವರು ಅಂತ ಜೀವಮಾನಕ್ಕೆ ಹೊರಗಿಟ್ಟಿದ್ದ ಯೂನಿಯನ್ನಿನವರು ಯುದ್ಧಕಾಲದಲ್ಲಿ ಸಿಪಾಯಿಗಳಿಗಾಗಿ ಬಾಗಿಲು ತೆರೆದಿದ್ದರು. 1916–17ರಲ್ಲಿ ಆ ತಂಡ ಸೋತದ್ದು ಒಂದೇ ಪಂದ್ಯ. ಯುದ್ಧ ಮುಗಿಯಿತು, ಬಾಗಿಲು ಮತ್ತೆ ಮುಚ್ಚಿತು. ಸಾಯಲು ಕಳಿಸುವಾಗ ಇಲ್ಲದ ಮಡಿ ಆಟಕ್ಕೆ ಮಾತ್ರ ಯಾಕೆ ಬೇಕಾಯಿತೋ.

ಯುದ್ಧದ ನಂತರ ಹಡರ್ಸ್‌ಫೀಲ್ಡ್ ಮತ್ತೆ ಎದ್ದಿತು. 1920ರಲ್ಲಿ ವಿಗನ್ ತಂಡವನ್ನು 21–10ರಿಂದ ಸೋಲಿಸಿ ಚಾಲೆಂಜ್ ಕಪ್ ಗೆದ್ದರು. ಆ ಸಲ ನಾಲ್ಕರಲ್ಲಿ ಮೂರು ಕಪ್ ಕೈಗೆ ಬಂದಿತ್ತು, ಚಾಂಪಿಯನ್‌ಶಿಪ್ ಫೈನಲ್ ಒಂದು ಬಾಕಿ. ಅದನ್ನು ಹಲ್ ಎದುರು 3–2ರಿಂದ ಸೋತರು. ಯಾಕೆಂದರೆ ವ್ಯಾಗ್‌ಸ್ಟಾಫ್, ಕ್ಲಾರ್ಕ್, ಗ್ರೋನೊ ಸೇರಿ ಐದು ಮಂದಿ ಅಷ್ಟು ಹೊತ್ತಿಗೆ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಾಗಿತ್ತು. ಒಂದೇ ಅಂಕ! ಫೈನಲ್ ಮುಗಿಯುವವರೆಗೆ ಕಾಯಲಾಗದ ವೇಳಾಪಟ್ಟಿ ಅದು. ಆ ಪ್ರವಾಸಕ್ಕೂ ಅವನೇ ನಾಯಕ, ಆದರೆ ಸರಣಿ ಆಸ್ಟ್ರೇಲಿಯಾ ಪಾಲಾಯಿತು.

1925ರವರೆಗೆ ಅವನು ಹಡರ್ಸ್‌ಫೀಲ್ಡ್‌ಗೇ ಆಡಿದ. 436 ಪಂದ್ಯ, 175 ಟ್ರೈ. ಆಮೇಲೆ ಬ್ರಾಟನ್ ರೇಂಜರ್ಸ್ ಮತ್ತು ಹ್ಯಾಲಿಫ್ಯಾಕ್ಸ್ ತಂಡಗಳಿಗೆ ಕೋಚ್ ಆದ. ಈ ಭಾಗವನ್ನು ಬರೆಯುವವರೆಲ್ಲ ಒಂದು ಸಾಲಿನಲ್ಲಿ ದಾಟಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅವನ ಕೋಚ್ ಕೆಲಸ ಶುರುವಾದದ್ದು 1925ರ ನಂತರ ಅಲ್ಲ. ಇವತ್ತಿನ ಹಾಗೆ ಗೆರೆಯ ಹೊರಗೆ ನಿಂತು ಆಟ ನಡೆಸುವ ಕೋಚ್ ಆಗ ಇರಲಿಲ್ಲ. ತಂಡ ಹೇಗೆ ಆಡಬೇಕು ಅಂತ ತೀರ್ಮಾನ ಮಾಡುತ್ತಿದ್ದವನು ಮೈದಾನದೊಳಗಿನ ನಾಯಕ. ಆ ನಿಂತು ಕೊಡುವ ಪಾಸ್, ಆ ಅಡ್ಡಿಯ ತಂತ್ರ, ಒದೆಯುವುದಕ್ಕಿಂತ ಕೈಯಲ್ಲಿ ಆಡುವ ಹಟ, ಇದೆಲ್ಲ ಕೋಚಿಂಗ್ ಅಲ್ಲದೆ ಮತ್ತೇನು? ಮೂರ್‌ಹೌಸ್‌ನಂಥ ವಿಂಗರ್ ಟ್ರೈ ಮೇಲೆ ಟ್ರೈ ಹೊಡೆದದ್ದರ ಹಿಂದೆ ಒಳಗಡೆ ನಿಂತ ಈ ಮನುಷ್ಯನ ಕೈ ಇದೆ.

1939ರ ಜುಲೈನಲ್ಲಿ ತೀರಿಕೊಂಡಾಗ ಅವನಿಗೆ ಬರೀ 48. ಬ್ರಿಟನ್ನಿನ ರಗ್ಬಿ ಲೀಗ್ ಹಾಲ್ ಆಫ್ ಫೇಮ್ 1988ರಲ್ಲಿ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಜನರಲ್ಲಿ ಅವನೂ ಒಬ್ಬ, ರೋಸನ್‌ಫೆಲ್ಡ್ ಇನ್ನೊಬ್ಬ.

ಸಂಪಾದಕರಲ್ಲಿ ನನ್ನ ಕೋರಿಕೆ ಸಣ್ಣದು. ಹಳೇ ರಗ್ಬಿಯ ಬಗ್ಗೆ ನಿಮ್ಮಲ್ಲಿ ಮುಂದೆ ಲೇಖನ ಬಂದರೆ ಸಿಡ್ನಿ ಟೆಸ್ಟ್ ಖಂಡಿತ ಇರಲಿ, ಅದರ ಜೊತೆಗೆ ಪಂದ್ಯವನ್ನು ಆಗಸ್ಟ್‌ನಿಂದ ಜುಲೈ 4ಕ್ಕೆ ಎಳೆದ ಸಂಗತಿಯೂ ಇರಲಿ. 1914–15ರ ಮೂರು ಫೈನಲ್‌ಗಳ ಅಂಕಗಳೂ ಇರಲಿ. ಮತ್ತೆ ವ್ಯಾಗ್‌ಸ್ಟಾಫ್ ಚೆಂಡು ಹಿಡಿದು ಹೇಗೆ ನಿಲ್ಲುತ್ತಿದ್ದ ಅಂತ ನಾಲ್ಕು ಸಾಲು ಬರೆಸಿ.

ಇಂತಿ ನಿಮ್ಮ ಪತ್ರಿಕೆಯ ಓದುಗ